ಹುಳಿ, ಹುಳು ಮತ್ತು ಅಳಿದ ಒಂದು ಅಕ್ಷರ

ಪದಗಳ ಮೂಲರೂಪ ಹುಡುಕುವಷ್ಟು ರುಚಿಯ ಹವ್ಯಾಸ ನನಗೆ ಬೇರೆ ಇಲ್ಲ. ಅದಕ್ಕೆ ಉಡುಪಿ ಸೀಮೆಯಂಥ ಜಾಗವೂ ಇನ್ನೊಂದಿಲ್ಲ. ಕಾಪು, ಕಾರ್ಕಳದ ತುಳು ಮನೆಗಳಲ್ಲಿ ಕೋಳಿ ‘ಕೋರಿ’ಯಾಗುತ್ತದೆ, ಬಾಳೆ ‘ಬಾರೆ’, ಹುಳು ‘ಪುರಿ’. ಕನ್ನಡದ ಳಕಾರಕ್ಕೆ ತುಳುವಿನಲ್ಲಿ ರಕಾರ ಎಂದು ಸೂತ್ರ ಕಟ್ಟಹೊರಟರೆ ಹುಳಿ ಅಡ್ಡ ಬರುತ್ತದೆ. ಅದು ಪುರಿಯಲ್ಲ, ‘ಪುಳಿ’. ಪುನರ್ಪುಳಿಯ ಶರಬತ್ತು ಕುಡಿದವರೆಲ್ಲ ಬಲ್ಲರು. ಒಂದೇ ಳಕಾರ ಒಂದು ಕಡೆ ರ, ಇನ್ನೊಂದು ಕಡೆ ಳ ಆದದ್ದೇಕೆ? ತುಳು ಒಂದನ್ನು ಎರಡಾಗಿಸಿಲ್ಲ, ಕನ್ನಡವೇ ಎರಡನ್ನು ಒಂದಾಗಿಸಿದೆ ಎಂದರೆ ತೊಡಕು ಬಿಡುತ್ತದೆ. ಅಂದರೆ ಹುಳು, ಕೋಳಿ, ಬಾಳೆಗಳಲ್ಲಿ ಮೊದಲು ಇದ್ದದ್ದು ರಕಾರವೂ ಅಲ್ಲ, ಇಂದಿನ ಳಕಾರವೂ ಅಲ್ಲ, ಮೂರನೆಯದೊಂದು ಧ್ವನಿ.

ಇದು ಪಂಡಿತರ ಕಲ್ಪನೆ, ಕೇಳಿದವರು ಯಾರು ಎಂಬ ಆಕ್ಷೇಪ ಸಹಜ. ಕಲ್ಪನೆಯಾಗಿದ್ದರೆ ಹಳಗನ್ನಡ ಅದನ್ನು ಸುಳ್ಳಾಗಿಸಬೇಕಿತ್ತು. ಅಲ್ಲಿ ಹುಳಿಗೆ ‘ಪುಳಿ’, ಹುಳುವಿಗೆ ‘ಪುೞು’, ಅಕ್ಷರವೇ ಬೇರೆ. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ೞಕಾರದ ಪದಗಳನ್ನು ಆರಿಸಿ ಕೊಟ್ಟಿದ್ದಾನೆ. ಕಾಸರಗೋಡಿನ ಮಲಯಾಳಿಗಳ ಬಾಯಲ್ಲಿ ‘ಕೋೞಿ’ ಇಂದಿಗೂ ಜೀವಂತ. ಇದೇ ತರ್ಕ ಸೆಮಿಟಿಕ್ ಭಾಷೆಗಳಲ್ಲೂ ನಡೆಯುತ್ತದೆ. ಹೀಬ್ರೂವಿನಲ್ಲಿ ಶಾಂತಿ ‘ಶಾಲೋಮ್’, ಮೂರು ‘ಶಾಲೋಶ್’, ಎರಡಕ್ಕೂ ಶಕಾರವೇ ಮೊದಲು. ಅರಬ್ಬಿಯಲ್ಲಿ ಅವು ‘ಸಲಾಮ್’, ‘ಥಲಾಥ’ ಎಂದು ಬೇರ್ಪಡುತ್ತವೆ. ಬೆರೆತದ್ದು ಹೀಬ್ರೂವಿನಲ್ಲಿ.

ಎರವಲು ಪದಗಳು ದಾರಿ ತಪ್ಪಿಸುವುದಿಲ್ಲವೇ ಎಂಬ ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು. ಮಳೆಗೆ ತುಳುವಿನಲ್ಲಿ ‘ಬರ್ಸ’. ಅದು ಸಂಸ್ಕೃತದ ವರ್ಷ, ಹೋಲಿಕೆಗೆ ಬಾರದು. ಆದರೆ ಒಂದೇ ಬಗೆಯ ಮಾರ್ಪಾಟು ಪದದಿಂದ ಪದಕ್ಕೆ, ಅದೂ ಹುಳು, ಕೋಳಿ, ಬಾಳೆಯಂಥ ಮನೆಮಾತುಗಳಲ್ಲಿ ಮರುಕಳಿಸಿದರೆ ಅದನ್ನು ಆಕಸ್ಮಿಕ ಎನ್ನಲಾಗದು. ಹಾಗೆ ಊಹಿಸಿದ ರೂಪದ ಮುಂದೆ ನಕ್ಷತ್ರ ಚಿಹ್ನೆ ಇಡುವ ರೂಢಿಯನ್ನು ನಾನು ಮೆಚ್ಚುತ್ತೇನೆ: ಬರೆಹದಲ್ಲಿ ಸಿಕ್ಕದ್ದು, ತರ್ಕದಿಂದ ಪಡೆದದ್ದು ಎಂದು ಅದು ಮೊದಲೇ ಹೇಳಿಬಿಡುತ್ತದೆ.

ಕನ್ನಡದಷ್ಟು ಹಳೆಯ ಬರೆಹ ತುಳುವಿಗಿಲ್ಲ. ಅದರ ಸಾಕ್ಷ್ಯ ಇರುವುದು ಆಡುಮಾತಿನಲ್ಲಿ. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ 6 ಸಂಪುಟಗಳ ತುಳು ನಿಘಂಟನ್ನು ಹೊರತಂದಿತು. ಒಂದೇ ಪದ ಬೇರೆ ಬೇರೆ ಸಮುದಾಯಗಳಲ್ಲಿ ಪಡೆದ ರೂಪಗಳು ಅದರಲ್ಲಿ ಒಟ್ಟಿಗೆ ಸಿಗುತ್ತವೆ. ತುಳು ಬಲ್ಲವರು ಅದನ್ನೊಮ್ಮೆ ತೆರೆದು, ತಮ್ಮ ಮನೆಯ ಹಿರಿಯರು ಆಡುವ ಪದ ಅಲ್ಲಿ ಇಲ್ಲದಿದ್ದರೆ ದಯವಿಟ್ಟು ಬರೆದಿಡಿ.