ನಿವೃತ್ತಿಯ ಮರುದಿನ

ನಿವೃತ್ತಿಯ ಮರುದಿನ ಗಡಿಯಾರ ಹತ್ತು ಹೊಡೆದಾಗ ಗೃಹಸ್ಥನ ಕೋಟು ಗೂಟದಲ್ಲಿಯೇ ತೂಗುತ್ತಿರುತ್ತದೆ. ಹೋಗಬೇಕಾದ ಸ್ಥಳವಿಲ್ಲ, ಅಡಿಗೆಮನೆಯ ಬಾಗಿಲಲ್ಲಿ ಸುಳಿದರೆ ಮನೆಯಾಕೆಗೆ ತೊಡಕು. ಆಕೆ ಬಾಯಿಬಿಟ್ಟು ಹೇಳಳು, ಅಷ್ಟೆ. ಬರಿದಾದ ಆ ಹಗಲಿನಲ್ಲಿ ಹೊಸ ಗುರಿಯನ್ನು ಹುಡುಕಹೊರಡುವುದು ಬಲು ಕಷ್ಟ.

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರಿಗೆ ಆ ಹುಡುಕಾಟ ಬೇಕಾಗಲಿಲ್ಲ. ತಮಗಿಂತ ಕಿರಿಯರೊಬ್ಬರಿಗೆ ಮಂತ್ರಿಪದವಿ ದೊರೆತಾಗ, ೧೯೪೩ರಲ್ಲಿ, ಅವರು ಮೈಸೂರು ಸಂಸ್ಥಾನದ ಸೇವೆಯನ್ನು ತ್ಯಜಿಸಿದರು. ವಯಸ್ಸು ಐವತ್ತು ದಾಟಿತ್ತು. ಮನಸ್ಸು ನೋಯದೆ ಇದ್ದೀತೇ? ಆದರೆ ೧೯೧೪ರಲ್ಲಿ ಕೆಲಸಕ್ಕೆ ಸೇರಿದಂದಿನಿಂದಲೂ ಕಡತಗಳ ನಡುವೆ ಬಿಡುವು ಮಾಡಿಕೊಂಡು ಕಥೆ ಬರೆಯುತ್ತ ಬಂದಿದ್ದರು. ಬಿಡುವಿನ ಆ ಕೆಲಸವೇ ಈಗ ಇಡೀ ದಿನವನ್ನು ತುಂಬಿತು. ಮುಂದಿನ ವರ್ಷ ‘ಜೀವನ’ ಪತ್ರಿಕೆಯ ಸಂಪಾದಕತ್ವ ಕೈಗೆ ಬಂದಿತು. ‘ಚಿಕವೀರ ರಾಜೇಂದ್ರ’ ಕಾದಂಬರಿ ಪ್ರಕಟವಾದುದು ೧೯೫೬ರಲ್ಲಿ; ಅದಕ್ಕೆ ೧೯೮೩ರ ಜ್ಞಾನಪೀಠ ಪ್ರಶಸ್ತಿ ಸಂದಾಗ ಲೇಖಕರಿಗೆ ತೊಂಬತ್ತು ಮೀರಿತ್ತು.