ಕಡಲೇ ಕೊರೆದ ಗುಹೆ: ಸ್ಟಾಫಾ ದ್ವೀಪದ ಪ್ರವಾಸ

ಗುಹೆ ಎಂದ ಕೂಡಲೆ ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ನಮಗೆ ನೆನಪಾಗುವುದು ಎಲ್ಲೋರ. ರಾಷ್ಟ್ರಕೂಟರ ಕಾಲದ ಶಿಲ್ಪಿಗಳು ಕರಿಕಲ್ಲಿನ ಬೆಟ್ಟವನ್ನು ಕೊರೆದು ಮಾಡಿದ ಅಲ್ಲಿನ ಜೈನ ಗುಹೆಗಳನ್ನು ನಮ್ಮಲ್ಲಿ ಅನೇಕರು ದರ್ಶನ ಮಾಡಿ ಬಂದಿದ್ದೇವೆ. ಅದೇ ಜಾತಿಯ ಕಲ್ಲಿನಲ್ಲಿ, ಉಳಿ ಸುತ್ತಿಗೆಗಳ ಹಂಗಿಲ್ಲದೆ ಸಮುದ್ರವೇ ಕೊರೆದ ಗುಹೆಯೊಂದು ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನಲ್ಲಿದೆ. ಸ್ಟಾಫಾ ದ್ವೀಪದ ಫಿಂಗಲ್ ಗುಹೆ ಅದು. ಮಗನ ಮನೆಗೆಂದು ಗ್ಲಾಸ್ಗೋ ನಗರಕ್ಕೆ ಹೋಗಿದ್ದ ನಾವು ಜೂನ್ ತಿಂಗಳಲ್ಲಿ ಮನೆಮಂದಿಯೆಲ್ಲ ಕೂಡಿ ಅದನ್ನು ನೋಡಿ ಬಂದೆವು.

ದಾರಿ ಸುಲಭದ್ದಲ್ಲ. ಗ್ಲಾಸ್ಗೋದಿಂದ ಓಬನ್ ಊರಿಗೆ ರೈಲಿನಲ್ಲಿ ಮೂರು ತಾಸು. ಅಲ್ಲಿಂದ ದೊಡ್ಡ ಹಡಗಿನಲ್ಲಿ ಮುಕ್ಕಾಲು ತಾಸಿನ ಮೇಲೆ ಸಾಗಿ ಮಲ್ ಎಂಬ ದ್ವೀಪ. ಆ ದ್ವೀಪದ ಇನ್ನೊಂದು ತುದಿಗೆ, ಒಂದೇ ಗಾಡಿ ಹಿಡಿಸುವ ರಸ್ತೆಯಲ್ಲಿ ಬಸ್ಸಿನ ಪ್ರಯಾಣ. ಎದುರಿನಿಂದ ಗಾಡಿ ಬಂದರೆ ಒಬ್ಬರು ಬದಿಗೆ ಸರಿದು ನಿಂತು, ಕೈ ಎತ್ತಿ ವಂದಿಸಿ ದಾರಿ ಬಿಡುತ್ತಾರೆ. ಫಿಯನ್‌ಫರ್ಟ್ ಎಂಬ ಹಳ್ಳಿಯಲ್ಲಿ ರಾತ್ರಿ ತಂಗಿ, ಮರುದಿನ ಸಣ್ಣ ಮೋಟಾರು ದೋಣಿ ಹತ್ತಿದೆವು.

ದೋಣಿಯವರು ಮೊದಲೇ ಎಚ್ಚರಿಸಿದ್ದರು: ಅಲೆ ಜೋರಾಗಿದ್ದರೆ ಯಾರನ್ನೂ ಇಳಿಸುವುದಿಲ್ಲ, ಗುಹೆಯ ಬಾಯಿಯನ್ನು ದೂರದಿಂದ ತೋರಿಸಿ ತಿರುಗಿಸುತ್ತೇವೆ. ಹೀಗಾಗಿ ಮುಕ್ಕಾಲು ತಾಸು ನಮ್ಮೆಲ್ಲರ ಕಣ್ಣೂ ಅಲೆಗಳ ಮೇಲೆಯೇ. ಪುಣ್ಯಕ್ಕೆ ಅಂದು ಕಡಲು ಶಾಂತವಾಗಿತ್ತು.

ದೂರದಿಂದ ನೋಡಿದರೆ ದ್ವೀಪ ಸಾಲುಗಂಬದ ಮಂಟಪದಂತೆ ಕಾಣುತ್ತದೆ. ಸುಮಾರು 6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ ನಿಧಾನವಾಗಿ ತಣಿಯುತ್ತ ಕುಗ್ಗಿತು. ಕೆರೆ ಬತ್ತಿದಾಗ ಕೆಸರು ಬಿರುಕು ಬಿಡುವಂತೆ ಬಿರಿಯಿತು. ಆ ಬಿರುಕುಗಳು ಆಳಕ್ಕೆ ಇಳಿದು, ಹೆಚ್ಚಾಗಿ ಆರು ಮುಖದ ಕಂಬಗಳಾದವು. ಕಂಬಗಳ ನಡುವಿನ ಸಂದುಗಳಿಗೆ ಅಲೆ ಬಡಿದು ಬಡಿದು ಈ ಗುಹೆಯಾಯಿತು. ಆಳ ಸುಮಾರು 70 ಮೀಟರ್, ಎತ್ತರ 20 ಮೀಟರಿಗೂ ಹೆಚ್ಚು. ನೆಲವೆಲ್ಲ ಸಮುದ್ರದ ನೀರು. ನಮ್ಮ ಹೊಲಗಳ ಎರೆಮಣ್ಣು ಕೂಡ ಇಂಥದೇ ಲಾವಾಕಲ್ಲು ಸವೆದು ಆದದ್ದು. ದಖ್ಖನ್ನಿನ ಆ ಕಲ್ಲಿಗೆ ಸುಮಾರು 6.6 ಕೋಟಿ ವರ್ಷ ವಯಸ್ಸು.

ದೋಣಿ ಇಳಿದ ಮೇಲೆ ಗುಹೆಯವರೆಗೆ ಮುರಿದ ಕಂಬಗಳ ತಲೆಗಳೇ ಮೆಟ್ಟಿಲು. ಎಪ್ಪತ್ತು ದಾಟಿದ ನಮ್ಮ ತಾಯಿಯವರಿಗೆ ಮೊಣಕಾಲು ನೋವು. "ಆಯಿ, ನೀವು ಇಲ್ಲೇ ದಂಡಿ ಮ್ಯಾಲೆ ಕೂಡ್ರಿ" ಎಂದ ಮೊಮ್ಮಗ. "ಇಷ್ಟು ದೂರ ಬಂದು ಬಾಗಲದಾಗ ಕೂಡ್ಲೇನು?" ಎಂದವರೇ ಅವನ ಕೈ ಹಿಡಿದು ಹೊರಟೇಬಿಟ್ಟರು. ಒಂದೊಂದು ಕಲ್ಲಿಗೂ ನಿಂತು, ಕಂಬಿ ಹಿಡಿದು ಗುಹೆಯ ಬಾಯಿ ಮುಟ್ಟಿದರು.

ಒಳಗೆ ಅಲೆ ನುಗ್ಗಿ ಕೊನೆಯ ಗೋಡೆಗೆ ತಾಗಿದಾಗ ದೊಡ್ಡ ನಗಾರಿಯಂಥ ಧ್ವನಿ. ಅಲ್ಲಿನ ಗೇಲಿಕ್ ಭಾಷೆಯಲ್ಲಿ ಇದರ ಹೆಸರೇ 'ಇಂಪಾದ ಗುಹೆ'. 1772ರಲ್ಲಿ ಇಲ್ಲಿಗೆ ಬಂದ ವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಇದರ ವರ್ಣನೆಯನ್ನು ಹೊರಜಗತ್ತಿಗೆ ಮುಟ್ಟಿಸಿದರು. 1829ರಲ್ಲಿ ಬಂದ ಜರ್ಮನಿಯ ಮೆಂಡೆಲ್ಸನ್ ಈ ದ್ವೀಪಗಳ ಹೆಸರಿನಲ್ಲೇ ಪ್ರಸಿದ್ಧ ಸಂಗೀತ ಕೃತಿ ರಚಿಸಿದರು. 1847ರಲ್ಲಿ ವಿಕ್ಟೋರಿಯಾ ರಾಣಿಯೂ ಬಂದಿದ್ದರು. ತಾಯಿಯವರಿಗೆ ಇದಾವುದೂ ಬೇಕಿರಲಿಲ್ಲ. ಕಂಬಕ್ಕೆ ಒರಗಿ ಮೆಲುದನಿಯಲ್ಲಿ ಣಮೋಕಾರ ಮಂತ್ರ ಹೇಳಿದರು. ಎರಡು ಅಲೆಗಳ ನಡುವಿನ ಮೌನದಲ್ಲಿ ಆ ದನಿ ಒಳಗಿನಿಂದ ತಿರುಗಿ ಬಂತು. ನಾವೆಲ್ಲ ಸುಮ್ಮನೆ ನಿಂತೆವು.

ಆಮೇಲೆ ಅವರನ್ನು ಮಗನ ಜೊತೆ ಬಿಟ್ಟು, ಉಳಿದವರು ಕಡಿದಾದ ಮೆಟ್ಟಿಲೇರಿ ದ್ವೀಪದ ನೆತ್ತಿಗೆ ಹೋದೆವು. ಅಲ್ಲಿ ಪಫಿನ್ ಎಂಬ ಹಕ್ಕಿಗಳ ವಾಸ. ಪಾರಿವಾಳದಷ್ಟು ಗಾತ್ರ, ಕಪ್ಪು ಬಿಳುಪಿನ ಮೈ, ಕೇಸರಿ ಬಣ್ಣದ ಕೊಕ್ಕು. ವರ್ಷಕ್ಕೆ ಒಂದೇ ಮೊಟ್ಟೆ, ಅದೂ ನೆಲದೊಳಗಿನ ಬಿಲದಲ್ಲಿ. ಸದ್ದಿಲ್ಲದೆ ಕೂತ ನಮ್ಮಿಂದ ಎರಡು ಮಾರು ದೂರದಲ್ಲೇ ಬಂದು ಇಳಿದವು. ಜನರಿದ್ದರೆ ಬೇಟೆಯಾಡುವ ದೊಡ್ಡ ಹಕ್ಕಿಗಳು ಹತ್ತಿರ ಸುಳಿಯುವುದಿಲ್ಲ, ಅದೇ ಧೈರ್ಯ ಇವಕ್ಕೆ ಎಂದರು ದೋಣಿಯವರು. ಮನುಷ್ಯನನ್ನು ಕಂಡು ಹಾರಿಹೋಗುವ ಹಕ್ಕಿಗಳನ್ನೇ ನೋಡಿದ ನಮಗೆ ಇದು ಹೊಸತು. ನಾವು ಸುಮ್ಮನೆ ಕೂತದ್ದೇ ಒಂದು ಜೀವಕ್ಕೆ ಅಭಯವಾಗಿತ್ತು. ಅಭಯದಾನ ಎಂಬ ಮಾತನ್ನು ಪ್ರವಚನಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ; ಅದು ಕಣ್ಣಿಗೆ ಕಂಡದ್ದು ಅಂದು. ಬಿಲಗಳ ಮೇಲೆ ಕಾಲಿಟ್ಟರೆ ಕುಸಿಯುತ್ತವೆ ಎಂದು ಮಕ್ಕಳು ಕಾಲುದಾರಿ ಬಿಟ್ಟು ಕದಲಲಿಲ್ಲ.

ಹೋಗಬಯಸುವವರಿಗೆ ಒಂದೆರಡು ಮಾತು. ಪಫಿನ್‌ಗಳು ಏಪ್ರಿಲಿನಿಂದ ಆಗಸ್ಟ್ ಆರಂಭದವರೆಗೆ ಮಾತ್ರ ಇರುತ್ತವೆ. ಆಮೇಲೆ ಕಡಲಿಗೆ ಹೊರಟುಬಿಡುತ್ತವೆ. ಬೇಸಿಗೆಯಲ್ಲೂ ಉಣ್ಣೆಬಟ್ಟೆ ಮತ್ತು ಜಾರದ ಬೂಟು ಬೇಕು. ದ್ವೀಪದಲ್ಲಿ ಜನವಸತಿಯಿಲ್ಲ, ಅಂಗಡಿಯಿಲ್ಲ. ನಾವು ಕಟ್ಟಿಕೊಂಡು ಹೋದ ಖಡಕ್ ರೊಟ್ಟಿ, ಬೆಳ್ಳುಳ್ಳಿ ಹಾಕದ ಶೇಂಗಾ ಚಟ್ನಿಯೇ ಕೈಹಿಡಿದವು. ಇನ್ನು ಸೂರ್ಯಾಸ್ತದೊಳಗೆ ಊಟ ಮುಗಿಸುವವರಿಗೆ ಜೂನ್ ತಿಂಗಳು ಬಹಳ ಅನುಕೂಲ: ಅಲ್ಲಿ ಹೊತ್ತು ಮುಳುಗುವುದೇ ರಾತ್ರಿ ಹತ್ತು ಗಂಟೆಯ ಮೇಲೆ!