ಮಣ್ಣು ಬೇಡದ ಗಿಡ

ಕೊಳ್ಳೇಗಾಲದ ಬಿಸಿಲಿಗೆ ನಮ್ಮ ಮನೆಯ ಮಲ್ಲಿಗೆಯೇ ಬಾಡುತ್ತದೆ. ಅಂಥದ್ದರಲ್ಲಿ ಸೀತಾಳೆ ದಂಡೆ ಬೆಳೆಸುತ್ತೇನೆ ಎಂದಾಗ ಮೊಮ್ಮಗಳು ನಕ್ಕಳು. ಅವಳ ಅಜ್ಜಿ ನಗಲಿಲ್ಲ. ನಮ್ಮಿಬ್ಬರ ನಡುವೆ ಹಳೆಯ ಲೆಕ್ಕವೊಂದು ಬಾಕಿ ಇತ್ತು.

1984ರಲ್ಲಿ ನಾನು ಯಳಂದೂರಿನಲ್ಲಿ ಬ್ಯಾಂಕ್ ಗುಮಾಸ್ತ. ಮೇ ತಿಂಗಳ ಒಂದು ಭಾನುವಾರ ಇಬ್ಬರೂ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗಿದ್ದೆವು. ದಾರಿಬದಿ ಮುರಿದುಬಿದ್ದ ಕೊಂಬೆಯಲ್ಲಿ ಈ ಗಿಡ. ನರಿಯ ಬಾಲದಂತೆ ಜೋತುಬಿದ್ದ ಹೂಗೊನೆ, ಬಿಳಿ ಎಸಳಿನ ಮೇಲೆ ನೇರಳೆ ಚುಕ್ಕಿ, ಮೆಲುವಾದ ಪರಿಮಳ. ವನವಾಸದಲ್ಲಿ ಸೀತೆ ಮುಡಿದ ಹೂವೆಂದು ಹೇಳುತ್ತಾರೆ. ಅಸ್ಸಾಮಿನ ಹೆಣ್ಣುಮಕ್ಕಳು ಬಿಹು ಹಬ್ಬಕ್ಕೆ ಮುಡಿಯುವುದೂ ಇದನ್ನೇ; ಅದು ಆ ರಾಜ್ಯದ ಹೂವು. ನನ್ನಾಕೆ ಆಸೆಯಿಂದ ನೋಡಿದಳು. 1974ರಿಂದಲೇ ಅದು ವನ್ಯಧಾಮ, ಒಂದು ಎಲೆಯನ್ನೂ ತರಬಾರದು. ಆದರೂ ತಂದೆ. ತಪ್ಪೇ, ಮಕ್ಕಳೇ.

"ಅದು ಮಣ್ಣಿಗೆ ನೆಡೋದಲ್ಲ ಸ್ವಾಮಿ, ಗಾಳೀಲಿ ಬದುಕೋದು" ಎಂದರು ದಾರಿಯಲ್ಲಿ ಸಿಕ್ಕ ಸೋಲಿಗರ ಹಿರಿಯರೊಬ್ಬರು. ನಾನು ಬಿ.ಕಾಂ. ಓದಿದವನು, ಕೇಳುತ್ತೇನೆಯೇ? ಕುಂಡ, ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ, ಎರಡು ಹೊತ್ತೂ ನೀರು. ತಿಂಗಳೊಳಗೆ ಬೇರು ಕೊಳೆತುಹೋಯಿತು. "ನೀರು ಹಾಕೀ ಹಾಕೀ ಕೊಂದ್ರಿ" ಎಂದಳು. ಎರಡು ದಿನ ಮಾತಿಲ್ಲ.

ಮೂರು ವರ್ಷದ ಹಿಂದೆ ನರ್ಸರಿಯಿಂದ ಸಸಿ ತಂದೆ, ರಸೀದಿ ಸಮೇತ. ಮಾವಿನ ತುಂಡಿಗೆ ತೆಂಗಿನ ನಾರು ಸುತ್ತಿ ಕಟ್ಟಿ, ಜಗಲಿಯ ನೆರಳಿನಲ್ಲಿ ತೂಗುಹಾಕಿದೆ.

"ತಾತ, ಇದು ಬಂದಳಿಕೆನಾ? ಮರದ ಊಟ ಕದಿಯತ್ತಾ?" ಮೊಮ್ಮಗಳ ಪ್ರಶ್ನೆ.

ಬಂದಳಿಕೆ ಕೊಂಬೆಯೊಳಗೇ ಬೇರಿಳಿಸಿ ರಸ ಹೀರುತ್ತದೆ. ಇದು ಮರದ ಮೇಲೆ ಕೂರುತ್ತದೆ, ಅಷ್ಟೆ; ಮರದ ಖಾತೆಯಿಂದ ಒಂದು ಪೈಸೆ ತೆಗೆಯುವುದಿಲ್ಲ. ಬೇರಿನ ಮೇಲೆ ಸ್ಪಂಜಿನಂಥ ಬಿಳಿ ಹೊದಿಕೆಯಿದೆ, ಮಳೆ ಮಂಜಿನ ನೀರನ್ನು ಅದೇ ಹೀರಿಕೊಳ್ಳುತ್ತದೆ. ನೆನೆದಾಗ ಒಳಗಿನ ಹಸಿರು ಕಾಣುತ್ತದೆ. ಅದನ್ನು ಕಂಡ ಮೇಲೆ ನೀರು ಚಿಮುಕಿಸುವ ಅಧಿಕಾರ ಮೊಮ್ಮಗಳದು. ಬೇರು ಬೆಳ್ಳಗಿದ್ದರೆ ಉಂಟು, ಹಸಿರಿದ್ದರೆ ಇಲ್ಲ. ನನಗೆ ಕ್ಯಾನು ಮುಟ್ಟಲೂ ಬಿಡುವುದಿಲ್ಲ.

ಈ ನಡುವೆ ನನ್ನಾಕೆಯ ಕಣ್ಣು ಗ್ಲಾಕೋಮಾದಿಂದ ಮಸುಕಾಗುತ್ತಾ ಬಂತು. ಹೂ ಬಿಡುವಷ್ಟರಲ್ಲಿ ಏನಾಗುವುದೋ ಎಂಬ ಆತುರ ನನಗೆ. ಗಿಡಕ್ಕೆ ಯಾವ ಆತುರವೂ ಇಲ್ಲ.

ಈ ಸಲ ಮೇ ತಿಂಗಳ ಒಂದು ಬೆಳಗ್ಗೆ ಜಗಲಿಯಿಂದ ಕೂಗಿದಳು, "ರೀ, ಬನ್ನಿ ಇಲ್ಲಿ." ನಾನು ಇನ್ನೂ ನೋಡಿಯೇ ಇರಲಿಲ್ಲ. ಅವಳು ಕಂಬ ಹಿಡಿದು ನಿಂತು, ಗೊನೆಯನ್ನು ಮೇಲಿಂದ ಕೆಳಕ್ಕೆ ಬೆರಳಲ್ಲಿ ಸವರುತ್ತಿದ್ದಳು.

"ಬೆಟ್ಟದ್ದೇ ವಾಸನೆ" ಎಂದಳು. ಆಮೇಲೆ, "ನೀರು ಹಾಕಿಲ್ಲ ತಾನೇ ನೀವು?"